ಡಿಸೋಲ್ಡರ್ ಮಾಡಲು ಯಾವ ಟೂಲ್ ಕೊಳ್ಳಲಿ?

ಪ್ರಶ್ನೆ: ಹಾವೇರಿ ಕಡೆ ನನ್ನದೊಂದು ಚಿಕ್ಕ ರಿಪೇರಿ ಅಂಗಡಿ ಇದೆ. ಎಲ್‌ಇಡಿ ಟಿವಿ, ಇಂಡಕ್ಷನ್ ಒಲೆ, ಯುಪಿಎಸ್, ಇನ್ವರ್ಟರ್ ಬೋರ್ಡ್‌ಗಳೇ ಜಾಸ್ತಿ ಬರುತ್ತವೆ. ನನ್ನ ಹತ್ತಿರ ಇರುವುದು 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಮತ್ತು ಕರಗಿದ ಸೋಲ್ಡರ್ ಎಳೆದು ತೆಗೆಯುವ ಒಂದು ಸಾದಾ ಡಿಸೋಲ್ಡರ್ ಪಂಪ್. ಪಾರ್ಟ್ ತೆಗೆಯುವಾಗ ಅದರ ಕಾಲು ಬೆಸೆದಿರುವ ತಾಮ್ರದ ಪ್ಯಾಡ್ ಕಿತ್ತು ಬರುತ್ತದೆ. ಇನ್ವರ್ಟರ್ ಬೋರ್ಡ್‌ನಲ್ಲಂತೂ ಸೋಲ್ಡರ್ ಕರಗುವುದೇ ಇಲ್ಲ. ಮೋಟರ್ ಇರುವ ಡಿಸೋಲ್ಡರಿಂಗ್ ಗನ್ ತಗೊಳ್ಳೋಣ ಅಂತ ಸ್ವಲ್ಪ ಹಣ ಕೂಡಿಟ್ಟಿದ್ದೇನೆ. ತಗೊಳ್ಳಬಹುದಾ? ಬಿಸಿ ಗಾಳಿ ಊದುವ ಬ್ಲೋವರ್ ತಗೊಂಡರೆ ಎಲ್ಲ ಕೆಲಸವೂ ಅದರಲ್ಲೇ ಆಗುತ್ತಾ? ಗುಜರಿ ಬೋರ್ಡ್‌ಗಳಿಂದ ಪಾರ್ಟ್ ಬಿಡಿಸಿ ಇಟ್ಟುಕೊಳ್ಳುವುದಕ್ಕೆ ಸುಲಭ ದಾರಿ ಇದ್ದರೆ ಅದನ್ನೂ ಹೇಳಿ.

ಉತ್ತರ: ಗನ್ ಈಗಲೇ ಬೇಡ. ಮೊದಲು ಐರನ್ ಬದಲಾಯಿಸಿ. ನೀವು ಹೇಳಿರುವ ಎರಡು ತೊಂದರೆಗೂ, ಅಂದರೆ ಪ್ಯಾಡ್ ಏಳುವುದಕ್ಕೂ ಸೋಲ್ಡರ್ ಕರಗದೇ ಇರುವುದಕ್ಕೂ, ಕಾರಣ ಒಂದೇ. ಬೇಕಾದ ಜಾಗಕ್ಕೆ ಬೇಕಾದಷ್ಟು ಬಿಸಿ ಬೇಗ ತಲುಪುತ್ತಿಲ್ಲ. ಪಂಪ್ ಎಷ್ಟೇ ಚೆನ್ನಾಗಿ ಎಳೆದರೂ ಕರಗದ ಸೋಲ್ಡರ್ ಬರುವುದಿಲ್ಲ, ಅಲ್ವಾ?

ಪ್ಯಾಡ್ ಯಾಕೆ ಏಳುತ್ತದೆ ಅಂತ ಒಮ್ಮೆ ಅರ್ಥವಾದರೆ ಯಾವ ಟೂಲ್ ಕೊಳ್ಳಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಬೋರ್ಡ್ ಮೇಲಿನ ತಾಮ್ರದ ಹಾಳೆ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ. ಅದನ್ನು ಬೋರ್ಡ್‌ಗೆ ಹಿಡಿದಿಟ್ಟಿರುವುದು ರಾಳದ ಅಂಟು. ಹಸಿರು ಫೈಬರ್ ಬೋರ್ಡ್‌ನಲ್ಲಿ, ಅಂದರೆ ಎಫ್‌ಆರ್-4ನಲ್ಲಿ, ಆ ರಾಳ ಸುಮಾರು 130–140 ಡಿಗ್ರಿಗೇ ಮೆತ್ತಗಾಗಲು ಶುರುವಾಗುತ್ತದೆ. 63/37 ಸೋಲ್ಡರ್, ಅಂದರೆ 63 ಪಾಲು ತವರ 37 ಪಾಲು ಸೀಸ ಇರುವುದು, ಕರಗುವುದು 183 ಡಿಗ್ರಿಗೆ. ಅಂದರೆ ನಿಮ್ಮ ಸೋಲ್ಡರ್ ಕರಗುವ ಹೊತ್ತಿಗೆ ಪ್ಯಾಡ್ ಕೆಳಗಿನ ಅಂಟು ಆಗಲೇ ಸಡಿಲವಾಗಿರುತ್ತದೆ. ಆ ಹೊತ್ತಿನಲ್ಲಿ ಬಿಟ್‌ನಿಂದ, ಅಂದರೆ ಐರನ್‌ನ ತುದಿಯಿಂದ, ಒತ್ತಿದರೆ, ಪಾರ್ಟ್ ಅಲ್ಲಾಡಿಸಿದರೆ, ಪಂಪ್‌ನ ಮೂತಿ ತಗುಲಿದರೆ ಪ್ಯಾಡ್ ಜಾರುತ್ತದೆ. ಇಂಡಕ್ಷನ್ ಒಲೆ, ಅಗ್ಗದ ಯುಪಿಎಸ್‌ಗಳಲ್ಲಿ ಬರುವ ಕಂದು ಬಣ್ಣದ ಪೇಪರ್ ಬೋರ್ಡ್ ಇನ್ನೂ ಸೂಕ್ಷ್ಮ. ಅದರಲ್ಲಿ ತೂತಿನ ಒಳಗೆ ತಾಮ್ರದ ಲೇಪ ಇರುವುದಿಲ್ಲ. ಪ್ಯಾಡ್‌ಗೆ ಅಂಟೊಂದೇ ಆಸರೆ.

25 ವ್ಯಾಟ್ ಐರನ್ ತಣ್ಣಗಿರುತ್ತದೆ, ಹಾಗಾಗಿ ಬೋರ್ಡ್‌ಗೆ ಒಳ್ಳೆಯದು ಅಂತ ತುಂಬಾ ಜನ ನಂಬಿದ್ದಾರೆ. ಕೆಲಸದಲ್ಲಿ ಆಗುವುದು ಉಲ್ಟಾ. ಇನ್ವರ್ಟರ್ ಬೋರ್ಡ್‌ನ ಮಾಸ್ಫೆಟ್ (ಕರೆಂಟ್ ಸ್ವಿಚ್ ಮಾಡುವ ಟ್ರಾನ್ಸಿಸ್ಟರ್) ಸಾಲಿನಲ್ಲಿ ಅಗಲವಾದ ಟ್ರ್ಯಾಕ್ ಇರುತ್ತದೆ. ಜಾಸ್ತಿ ಕರೆಂಟ್ ಹರಿಯಲಿ ಅಂತ ಅದರ ಮೇಲೆ ಸೋಲ್ಡರ್ ಬೇರೆ ದಪ್ಪಗೆ ಹೊಯ್ದಿರುತ್ತಾರೆ. ಅದಕ್ಕೆ 25 ವ್ಯಾಟ್ ಇಟ್ಟರೆ ಮೇಣದಬತ್ತಿಯಲ್ಲಿ ಹಂಡೆ ನೀರು ಕಾಯಿಸಿದ ಹಾಗೆ. ಕೊಟ್ಟ ಬಿಸಿಯನ್ನೆಲ್ಲ ತಾಮ್ರ ಎಳೆದುಕೊಂಡು ಹೋಗುತ್ತದೆ. ನೀವು ಅರ್ಧ ನಿಮಿಷ ಒತ್ತಿ ಹಿಡಿಯುತ್ತೀರಿ. ಅಷ್ಟರಲ್ಲಿ ಸುತ್ತಮುತ್ತಲಿನ ಅಂಟೆಲ್ಲ ಬೆಂದಿರುತ್ತದೆ, ಕಾಲಿನ ಹತ್ತಿರದ ಸೋಲ್ಡರ್ ಮಾತ್ರ ಇನ್ನೂ ಗಟ್ಟಿ. 60–70 ವ್ಯಾಟ್‌ನ, ಶಾಖ ಹಿಡಿದಿಡುವ ಸ್ಟೇಷನ್‌ನಲ್ಲಿ ಅಗಲ ಬಿಟ್ ಹಾಕಿದರೆ ಸಾಮಾನ್ಯ ಜಾಯಿಂಟ್ ಮೂರು ನಾಲ್ಕು ಸೆಕೆಂಡ್‌ನಲ್ಲಿ ಕರಗುತ್ತದೆ, ಬೋರ್ಡ್‌ಗೂ ತೊಂದರೆ ಇಲ್ಲ.

ಹಾಗಾಗಿ ಕೂಡಿಟ್ಟ ಹಣದಲ್ಲಿ ಮೊದಲ ಪಾಲು ಇದಕ್ಕೆ. ಟಿ12 ಬಿಟ್ ಹಾಕುವ ಸ್ಟೇಷನ್ ನಿಮ್ಮ ಕೆಲಸಕ್ಕೆ ಸರಿ. ಅದರಲ್ಲಿ ಹೀಟರ್ ಮತ್ತು ಸೆನ್ಸರ್ ಎರಡೂ ಬಿಟ್ ಒಳಗೇ ಇರುತ್ತವೆ. ಬಿಟ್ ತಣ್ಣಗಾದ ತಕ್ಷಣ ಮತ್ತೆ ಕಾಯುತ್ತದೆ. ಮೊನಚು ಬಿಟ್ ಕೊಂಡು ಸುಮ್ನೆ ದುಡ್ಡು ಹಾಳು ಮಾಡಬೇಡಿ. ಡಿಸೋಲ್ಡರಿಂಗ್‌ಗೆ ಬೇಕಾದದ್ದು ಚಾಕುವಿನ ಆಕಾರದ ಕೆ ಬಿಟ್ ಒಂದು, ಉಳಿಯ ಹಾಗೆ ಚಪ್ಪಟೆ ಇರುವ ಮೂರು ನಾಲ್ಕು ಮಿಲಿಮೀಟರ್ ಅಗಲದ್ದು ಇನ್ನೊಂದು. 340–360 ಡಿಗ್ರಿಯಲ್ಲಿ ಹೆಚ್ಚಿನ ಕೆಲಸ ಮುಗಿಯುತ್ತದೆ. ಕರಗದಿದ್ದರೆ ಡಿಗ್ರಿ ಏರಿಸುವ ಮೊದಲು ಅಗಲದ ಬಿಟ್ ಹಾಕಿ ನೋಡಿ.

ಎರಡನೆಯದು ಫ್ಲಕ್ಸ್, ಅಂದರೆ ಸೋಲ್ಡರ್ ಚೆನ್ನಾಗಿ ಹರಿದು ಹಿಡಿಯಲಿ ಅಂತ ಹಚ್ಚುವ ಪದಾರ್ಥ. ಸಿರಿಂಜ್‌ನಲ್ಲಿ ಬರುವ, ಎಲೆಕ್ಟ್ರಾನಿಕ್ಸ್‌ಗೆಂದೇ ಮಾಡಿದ ಜೆಲ್ ಫ್ಲಕ್ಸ್ ಒಂದು ಇರಲಿ. ಪ್ಲಂಬರ್‌ಗಳು ಪೈಪ್ ಬೆಸುಗೆಗೆ ಬಳಸುವ ಆಸಿಡ್ ಪೇಸ್ಟ್ ಮಾತ್ರ ಬೋರ್ಡ್ ಹತ್ತಿರ ತರಬೇಡಿ. ಇವತ್ತು ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ಟ್ರ್ಯಾಕ್ ತಿನ್ನುತ್ತದೆ. ಕೆಲಸ ಮುಗಿದ ಮೇಲೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಬ್ರಷ್‌ನಿಂದ ತೊಳೆಯಿರಿ.

ಇನ್ನೊಂದು ಮಾತು ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ಸೋಲ್ಡರ್ ತೆಗೆಯಬೇಕಾದರೆ ಮೊದಲು ಸೋಲ್ಡರ್ ಹಾಕಬೇಕು. ಯುರೋಪ್‌ನಲ್ಲಿ 2006ರ ಜುಲೈ 1ರಿಂದ ಹೆಚ್ಚಿನ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸಕ್ಕೆ ನಿರ್ಬಂಧ ಬಂತು. ಅಲ್ಲಿಂದೀಚೆಗೆ ಕಂಪನಿ ಬೋರ್ಡ್‌ಗಳಲ್ಲಿ ಸೀಸವಿಲ್ಲದ ಸೋಲ್ಡರ್ ಹೆಚ್ಚಾಯಿತು. ಅದು ಕರಗುವುದು 217ರಿಂದ 227 ಡಿಗ್ರಿಗೆ. ತಾಮ್ರ ಕಲಸಿದ್ದು, ಬೆಳ್ಳಿ ಕಲಸಿದ್ದು ಅಂತ ಮಿಶ್ರಣದ ಮೇಲೆ ಇದು ಹೆಚ್ಚುಕಡಿಮೆ ಆಗುತ್ತದೆ. ಅದರ ಮೇಲೆ ಫ್ಲಕ್ಸ್ ಹಚ್ಚಿ, ನಿಮ್ಮ 60/40 ಅಥವಾ 63/37 ವೈರ್ ಧಾರಾಳವಾಗಿ ಕರಗಿಸಿ ಬೆರೆಸಿ. ಮಿಶ್ರಣ ಕಡಿಮೆ ಬಿಸಿಗೇ ಕರಗುತ್ತದೆ, ನೀರಾಗಿ ಹರಿಯುತ್ತದೆ. ಸೋಲ್ಡರ್ ಜಾಸ್ತಿ ಇದ್ದರೆ ಬಿಟ್‌ನ ಬಿಸಿಯೂ ಜಾಯಿಂಟ್‌ಗೆ ಬೇಗ ಇಳಿಯುತ್ತದೆ. ಹಳೇ ಟಿವಿ ಬೋರ್ಡ್‌ನ ಮಂಕಾದ ಜಾಯಿಂಟ್‌ಗೂ ಇದೇ ಮದ್ದು. ಒಣಗಿದ ಜಾಯಿಂಟ್ ಮೇಲೆ ನೇರವಾಗಿ ಪಂಪ್ ಹಿಡಿದರೆ ಅರ್ಧ ಬರುತ್ತದೆ, ಅರ್ಧ ತೂತಿನಲ್ಲೇ ಉಳಿಯುತ್ತದೆ.

ಈಗ ಪಂಪ್. ನಿಮ್ಮ ಹತ್ತಿರ ಇರುವುದನ್ನು ಎಸೆಯಬೇಡಿ. ಸರಿಯಾಗಿ ನೋಡಿಕೊಂಡರೆ ಸಾದಾ ಪಂಪ್ ತುಂಬಾ ಕೆಲಸ ಮಾಡುತ್ತದೆ. ಬಿಚ್ಚಿ, ಒಳಗಿನ ಚೂರು ತೆಗೆದು, ರಬ್ಬರ್ ರಿಂಗ್‌ಗೆ ಸಿಲಿಕೋನ್ ಗ್ರೀಸ್ ಸ್ವಲ್ಪ ಸವರಿ. ಮೂತಿಯನ್ನು ಬೆರಳಿನಿಂದ ಮುಚ್ಚಿ ಬಟನ್ ಒತ್ತಿ ನೋಡಿ. ದಂಡ ನಿಧಾನಕ್ಕೆ ಏರಿದರೆ ಗಾಳಿ ಹಿಡಿತ ಚೆನ್ನಾಗಿದೆ. ಟಪ್ ಅಂತ ಮೇಲೆ ಹೋದರೆ ಎಲ್ಲೋ ಸೋರುತ್ತಿದೆ. ಮೂತಿ ಸುಟ್ಟು ಅಗಲವಾಗಿದ್ದರೆ ಮೂತಿ ಮಾತ್ರ ಬದಲಿಸಿ. ಒಳ್ಳೆ ಮೂತಿಯನ್ನು ಪಿಟಿಎಫ್‌ಇ ಪ್ಲಾಸ್ಟಿಕ್‌ನಲ್ಲಿ ಮಾಡಿರುತ್ತಾರೆ. ಅದು ಒಂದು ಕ್ಷಣ ಬಿಟ್ ತಗುಲಿದರೂ ಕರಗುವುದಿಲ್ಲ.

ನಾನು ಎಲ್ಲರಿಗೂ ಹೇಳುವ ಒಂದು ಸುಧಾರಣೆ ಇದೆ. ಶಾಖ ತಡೆಯುವ ಮೆತ್ತನೆ ಸಿಲಿಕೋನ್ ಟ್ಯೂಬ್ ಒಂದು ಸೆಂಟಿಮೀಟರ್‌ನಷ್ಟು ಕತ್ತರಿಸಿ ಮೂತಿಗೆ ತುರುಕಿ, ತುದಿ ಸ್ವಲ್ಪ ಹೊರಗೆ ಚಾಚಿರಲಿ. ಜಪಾನ್‌ನ ಎಂಜಿನಿಯರ್ ಎಂಬ ಹೆಸರಿನ ಕಂಪನಿಯ ಎಸ್‌ಎಸ್-02 ಪಂಪ್ ಹೆಸರು ಮಾಡಿದ್ದೇ ಈ ಟ್ಯೂಬ್‌ನಿಂದ. ಮೆತ್ತನೆ ತುದಿ ಪ್ಯಾಡ್ ಸುತ್ತ ಅಂಟಿಕೊಂಡು ಕೂರುತ್ತದೆ, ಪಕ್ಕದಿಂದ ಗಾಳಿ ನುಗ್ಗುವುದಿಲ್ಲ. ಬಿಟ್ ಇನ್ನೂ ಜಾಯಿಂಟ್ ಮೇಲೆ ಇರುವಾಗಲೇ ಎಳೆಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಬಟನ್ ಒತ್ತಿದಾಗ ಪಂಪ್ ಒದೆಯುತ್ತದಲ್ಲ, ಆ ಹೊಡೆತ ಬಿಸಿ ಪ್ಯಾಡ್‌ಗೆ ಬೀಳುವುದಿಲ್ಲ. ನಿಮ್ಮ ಕೆಲವು ಪ್ಯಾಡ್ ಎದ್ದಿರುವುದು ಈ ಒದೆತಕ್ಕೂ ಇರಬಹುದು.

ಎರಡು ಕಡೆ ಟ್ರ್ಯಾಕ್ ಇರುವ ಬೋರ್ಡ್‌ನಲ್ಲಿ ಒಂದು ಕಡೆಯಿಂದ ಐರನ್ ಇಟ್ಟು ಇನ್ನೊಂದು ಕಡೆಯಿಂದ ಪಂಪ್ ಹಿಡಿಯಿರಿ. ಬೋರ್ಡ್ ನಿಲ್ಲಿಸಲು ಚಿಕ್ಕ ವೈಸ್ ಬೇಕು. ತೂತಿನಲ್ಲಿ ಸ್ವಲ್ಪ ಉಳಿದುಬಿಟ್ಟರೆ ಅದನ್ನೇ ಪದೇಪದೇ ಕಾಯಿಸಬೇಡಿ. ಮತ್ತೆ ಸೋಲ್ಡರ್ ತುಂಬಿಸಿ, ಒಂದೇ ಸಲ ಎಳೆಯಿರಿ.

ಸೋಲ್ಡರ್ ಹೀರಿಕೊಳ್ಳುವ ತಾಮ್ರದ ನೇಯ್ಗೆ ಪಟ್ಟಿ, ಅಂದರೆ ವಿಕ್ ಬಗ್ಗೆ ಹೇಳುವುದಾದರೆ, ಅಗ್ಗದ್ದು ತಗೊಂಡು ವಿಕ್ ಅಂದರೆ ಕೆಲಸಕ್ಕೆ ಬಾರದ್ದು ಅಂದುಕೊಂಡವರೇ ಜಾಸ್ತಿ. ಒಳ್ಳೆ ವಿಕ್ ಹೊಸ ತಾಮ್ರದ ಹಾಗೆ ಹೊಳೆಯುತ್ತದೆ, ನೇಯ್ಗೆ ಸಣ್ಣಗಿರುತ್ತದೆ, ಫ್ಲಕ್ಸ್ ಹಚ್ಚಿರುತ್ತಾರೆ. ಕಂದಾಗಿ ಮಂಕಾಗಿದ್ದರೆ ಸೋಲ್ಡರ್ ಹೀರುವುದಿಲ್ಲ. ಗೂಟ್ ಹೆಸರಿನ ಜಪಾನಿ ವಿಕ್ ಚೆನ್ನಾಗಿದೆ, ಆದರೆ ಅದರ ನಕಲೂ ಸಿಗುತ್ತದೆ, ನೋಡಿ ತಗೊಳ್ಳಿ. ಎರಡರಿಂದ ಎರಡೂವರೆ ಮಿಲಿಮೀಟರ್ ಅಗಲದ್ದು ಹೆಚ್ಚಿನ ಕೆಲಸಕ್ಕೆ ಸಾಕು. ಗಾಳಿಯಾಡದ ಜಿಪ್ ಕವರ್‌ನಲ್ಲಿ ಇಡಿ. ಬಳಸುವಾಗ ಅದಕ್ಕೂ ಫ್ಲಕ್ಸ್ ಹಚ್ಚಿ, ಪ್ಯಾಡ್ ಮೇಲೆ ಇಟ್ಟು, ಮೇಲಿಂದ ಅಗಲ ಬಿಟ್ ಇಡಿ. ಬೆಳ್ಳಿ ಬಣ್ಣ ಏರಿ ಬರುವವರೆಗೆ ಕಾಯಿರಿ. ಆಮೇಲೆ ವಿಕ್ ಮತ್ತು ಬಿಟ್ ಎರಡನ್ನೂ ಒಟ್ಟಿಗೇ ಎತ್ತಿ. ಬಿಟ್ ಮೊದಲು ತೆಗೆದರೆ ವಿಕ್ ಅಂಟಿಕೊಳ್ಳುತ್ತದೆ, ಎಳೆದರೆ ಪ್ಯಾಡ್ ಸಮೇತ ಬರುತ್ತದೆ. ಉಜ್ಜಲೂ ಬೇಡಿ. ದೊಡ್ಡ ಗ್ರೌಂಡ್ ಪ್ಯಾಡ್‌ನಲ್ಲಿ ಇಡೀ ಸುರುಳಿ ಹಿಡಿದರೆ ಅದೇ ಬಿಸಿ ಕದಿಯುತ್ತದೆ. ಎರಡು ಮೂರು ಸೆಂಟಿಮೀಟರ್ ತುಂಡು ಕತ್ತರಿಸಿ ಚಿಮಟದಲ್ಲಿ ಹಿಡಿದು ಮಾಡಿ.

ಟೂಲ್ ಬಗ್ಗೆ ಇಷ್ಟು ಹೇಳಿದೆ, ಆದರೆ ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಹಾಳಾಗಿದೆ ಅಂತ ಖಾತ್ರಿಯಾದ ಪಾರ್ಟ್ ಅನ್ನು ಇಡಿಯಾಗಿ ತೆಗೆಯುವ ಹಟ ಬಿಡಿ. ಉಳಿಯಬೇಕಾದದ್ದು ಬೋರ್ಡ್. ಇಂಡಕ್ಷನ್ ಒಲೆಯ ಐಜಿಬಿಟಿ (ಕಾಯಿಲ್‌ನ ಕರೆಂಟ್ ಸ್ವಿಚ್ ಮಾಡುವ ಪಾರ್ಟ್) ಶಾರ್ಟ್ ಆಗಿದೆ ಅಂತ ಮೀಟರ್ ತೋರಿಸಿದ ಮೇಲೆ ಅದರ ಮೇಲೆ ಯಾಕೆ ಮಮಕಾರ? ಮೊದಲು ಹೀಟ್‌ಸಿಂಕ್‌ನ ಸ್ಕ್ರೂ ಬಿಚ್ಚಿ. ಗಟ್ಟಿ ಕಟರ್‌ನಿಂದ ಮೂರು ಕಾಲನ್ನೂ ಪಾರ್ಟ್‌ನ ಮೈಗೆ ಹತ್ತಿರ ಕತ್ತರಿಸಿ. ಕತ್ತರಿಸುವಾಗ ಕಾಲನ್ನು ಮೂತಿ ಇಕ್ಕಳದಲ್ಲಿ ಹಿಡಿದುಕೊಂಡರೆ ಅದುರು ಪ್ಯಾಡ್‌ಗೆ ಹೋಗುವುದಿಲ್ಲ. ಪಾರ್ಟ್ ಹೋಯಿತು, ಈಗ ಮೂರು ಒಂಟಿ ಕಾಲು ಉಳಿದವು. ಒಂದೊಂದಕ್ಕೂ ಹೊಸ ಸೋಲ್ಡರ್ ಹಾಕಿ, ಕರಗಿದಾಗ ಚಿಮಟದಿಂದ ಹಿಡಿದರೆ ತಾನಾಗಿ ಬರುತ್ತದೆ. ಬರದಿದ್ದರೆ ಎಳೆಯಬೇಡಿ, ಇನ್ನೂ ಕರಗಿಲ್ಲ ಅಂತ ಅರ್ಥ. ಆಮೇಲೆ ತೂತಿಗೆ ಪಂಪ್. ಉಬ್ಬಿದ ಕೆಪಾಸಿಟರ್, ವೋಲ್ಟೇಜ್ ಏರಿದಾಗ ಬೋರ್ಡ್ ಕಾಯುವ, ಸುಟ್ಟ ಎಂಒವಿಗೂ ಇದೇ ಕ್ರಮ. ಮುಂಗಾರು ಶುರುವಿನ ಗುಡುಗು ಸಿಡಿಲಿಗೆ ಅಂಗಡಿ ತುಂಬುತ್ತದಲ್ಲ, ಆಗ ಬರುವ ಪಾರ್ಟ್‌ಗಳಲ್ಲಿ ಹೆಚ್ಚಿನವು ಉಳಿಸಿಕೊಳ್ಳುವಂಥವಲ್ಲ.

ಇನ್ವರ್ಟರ್‌ನ ಮಾಸ್ಫೆಟ್‌ಗೆ ಕಾಲುಗಳ ಮಧ್ಯೆ ಜಾಗ ಕಡಿಮೆ. ಅಲ್ಲಿ ಬೇರೆ ದಾರಿ ಇದೆ. ಮೂರೂ ಕಾಲು ಮುಚ್ಚುವ ಹಾಗೆ ಸೋಲ್ಡರ್ ಗುಡ್ಡೆ ಹಾಕಿ, ಅಗಲ ಬಿಟ್ ಅಡ್ಡಕ್ಕೆ ಇಟ್ಟು ಮೂರನ್ನೂ ಒಟ್ಟಿಗೆ ಕರಗಿಸಿ. ಇನ್ನೊಂದು ಕಡೆಯಿಂದ ಪಾರ್ಟ್ ಹಗುರವಾಗಿ ಹಿಡಿದಿದ್ದರೆ ಜಾರಿ ಬರುತ್ತದೆ. ಆ ಸಾಲಿನಲ್ಲಿ ಒಂದು ಶಾರ್ಟ್ ಆಗಿದ್ದರೆ ಜೊತೆಗಿರುವವನ್ನೂ ಬದಲಿಸುವುದು ಕ್ಷೇಮ. ಹಾಗಾಗಿ ಈ ಕೆಲಸ ನಿಮಗೆ ಪದೇಪದೇ ಬರುತ್ತದೆ, ಕೈ ಪಳಗಿಸಿಕೊಳ್ಳಿ.

ಕಾಲು ಜಾಸ್ತಿ ಇರುವ ರಿಲೇ, ಟ್ರಾನ್ಸ್‌ಫಾರ್ಮರ್, ಉದ್ದ ಐಸಿಗಳನ್ನು ಕತ್ತರಿಸಲೂ ಆಗುವುದಿಲ್ಲ, ಗುಡ್ಡೆ ಹಾಕಲೂ ಆಗುವುದಿಲ್ಲ. ಅದಕ್ಕೆ ಸ್ಟೀಲಿನ ಟೊಳ್ಳು ಸೂಜಿ ಸೆಟ್ ತಗೊಳ್ಳಿ, ತುಂಬಾ ಅಗ್ಗ. ಕಾಲಿಗೆ ಸರಿಹೊಂದುವ ಸೂಜಿ ಆರಿಸಿ, ಸೋಲ್ಡರ್ ಕರಗಿದಾಗ ಕಾಲಿನ ಸುತ್ತ ಇಳಿಸಿ, ಐರನ್ ತೆಗೆದು ಸೋಲ್ಡರ್ ಗಟ್ಟಿಯಾಗುವವರೆಗೆ ತಿರುಗಿಸುತ್ತಾ ಇರಿ. ಸ್ಟೇನ್‌ಲೆಸ್ ಸ್ಟೀಲ್‌ಗೆ ಈ ಸೋಲ್ಡರ್ ಹಿಡಿಯುವುದಿಲ್ಲ, ಆದ್ದರಿಂದ ಕಾಲು ಪ್ಯಾಡ್‌ನಿಂದ ಬಿಡಿಯಾಗುತ್ತದೆ. ಒಂದು ಕಡೆ ಟ್ರ್ಯಾಕ್ ಇರುವ ಕಂದು ಬೋರ್ಡ್‌ಗೆ ಇದು ತುಂಬಾ ಹೊಂದುತ್ತದೆ. ತೂತಿಗೆ ತಾಮ್ರದ ಲೇಪ ಇರುವ ಬೋರ್ಡ್‌ನಲ್ಲಿ ಸೂಜಿ ಬಿಗಿಯಾಗಿ ಕೂತರೆ ಒತ್ತಿ ತಿರುಗಿಸಬೇಡಿ. ಆ ಲೇಪ ಇಪ್ಪತ್ತು ಇಪ್ಪತ್ತೈದು ಮೈಕ್ರಾನ್‌ನಷ್ಟೇ ಇರುತ್ತದೆ, ಕಿತ್ತುಹೋದರೆ ಮೇಲಿನ ಟ್ರ್ಯಾಕ್‌ಗೂ ಕೆಳಗಿನ ಟ್ರ್ಯಾಕ್‌ಗೂ ಸಂಪರ್ಕ ಹೋಯಿತು.

ಬಿಸ್ಮತ್ ಇರುವ, ನೂರು ಡಿಗ್ರಿಯ ಆಸುಪಾಸಿನಲ್ಲೋ ಅದಕ್ಕೂ ಕಡಿಮೆಯಲ್ಲೋ ಕರಗುವ ಮಿಶ್ರಲೋಹಗಳೂ ಸಿಗುತ್ತವೆ. ಜಾಯಿಂಟ್‌ನಲ್ಲಿ ಬೆರೆಸಿದರೆ ತುಂಬಾ ಹೊತ್ತು ಕರಗಿಯೇ ಇರುತ್ತದೆ. ಪ್ಲಾಸ್ಟಿಕ್ ಕನೆಕ್ಟರ್ ಉಳಿಸಲು ಒಳ್ಳೆಯದು. ಆದರೆ ದುಬಾರಿ. ಪ್ಯಾಡ್‌ನಿಂದ ಅದನ್ನು ವಿಕ್ ಹಾಕಿ ಪೂರ್ತಿ ತೆಗೆಯದಿದ್ದರೆ ಹೊಸ ಜಾಯಿಂಟ್ ದುರ್ಬಲವಾಗುತ್ತದೆ.

ಬ್ಲೋವರ್ ಬಗ್ಗೆ ಕೇಳಿದ್ದೀರಿ. ಟಿವಿ ಬೋರ್ಡ್‌ನ ಎಂಟು ಕಾಲಿನ ಚಿಕ್ಕ ಐಸಿ, ಬ್ಯಾಕ್‌ಲೈಟ್ ಡ್ರೈವರ್, ಎಸ್‌ಎಂಡಿ (ತೂತಿಲ್ಲದೆ ಬೋರ್ಡ್ ಮೇಲ್ಮೈಗೇ ಬೆಸೆದ) ಮಾಸ್ಫೆಟ್‌ಗೆ ಬ್ಲೋವರ್ ಬೇಕೇ ಬೇಕು. 858ಡಿ ತರಹದ್ದು ಶುರುವಿಗೆ ಸಾಕು. ಆದರೆ ಕಾಲು ತೂರಿಸಿ ಹಾಕಿದ ಪಾರ್ಟ್‌ಗಳಿಗೆ ಇದೇ ಟೂಲ್ ಅಂತ ಹೋಗಬೇಡಿ. ಆ ಬಿಸಿ ಗಾಳಿಗೆ ಪಕ್ಕದ ಕೆಪಾಸಿಟರ್ ಉಬ್ಬುತ್ತದೆ, ಕನೆಕ್ಟರ್ ಬಾಗುತ್ತದೆ, ರಿಲೇ ಒಳಗೆ ಹಾಳಾಗಿದ್ದು ಹೊರಗೆ ಗೊತ್ತೇ ಆಗುವುದಿಲ್ಲ. ಎಸ್‌ಎಂಡಿ ತೆಗೆಯುವಾಗ ಸುತ್ತ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ಇಲ್ಲವೇ ಅಲ್ಯುಮಿನಿಯಂ ಫಾಯಿಲ್ ಮುಚ್ಚಿ. ಮೊದಲು ದೂರದಿಂದ ಅಗಲವಾಗಿ ಸುತ್ತಿಸಿ ಬೋರ್ಡ್ ಬೆಚ್ಚಗೆ ಮಾಡಿ, ಆಮೇಲೆ ಹತ್ತಿರ ಬನ್ನಿ. ಚಿಮಟದಿಂದ ಐಸಿಯನ್ನು ಒಂದು ಕೂದಲೆಳೆಯಷ್ಟು ತಳ್ಳಿ ಬಿಡಿ. ಅದು ವಾಪಸ್ ತನ್ನ ಜಾಗಕ್ಕೆ ಬಂದು ಕೂತರೆ ಎಲ್ಲ ಕಾಲೂ ಕರಗಿವೆ, ಎತ್ತಬಹುದು. ಅಲ್ಲಾಡದಿದ್ದರೆ ಇನ್ನೂ ಕಾಯಬೇಕು. ಹೊಟ್ಟೆ ಕೆಳಗೆ ಸೋಲ್ಡರ್ ಗುಂಡುಗಳಿರುವ ಬಿಜಿಎ ಚಿಪ್ ತೆಗೆಯಲು ಕೆಳಗಿನಿಂದ ಕಾಯಿಸುವ ಪ್ರೀಹೀಟರ್ ಬೇಕು, ಅದು ಈಗ ನಿಮ್ಮ ದಾರಿಯಲ್ಲ.

ಅಗ್ಗದ ಸ್ಟೇಷನ್, ಬ್ಲೋವರ್ ಯಾವುದನ್ನೇ ಕೊಂಡು ತಂದರೂ ಪ್ಲಗ್ ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಪ್ಲಗ್‌ನ ದಪ್ಪ ಅರ್ಥ್ ಪಿನ್‌ನಿಂದ ಬಿಟ್‌ಗೆ ಅಥವಾ ನಾಜಲ್‌ಗೆ ಕಂಟಿನ್ಯುಯಿಟಿ ಬರಬೇಕು. ಲೋಹದ ಡಬ್ಬಿ ಇದ್ದರೆ ಅದಕ್ಕೂ ಬರಬೇಕು. ಬರದಿದ್ದರೆ ಅದು ನಿಮಗೂ ಬೋರ್ಡ್‌ಗೂ ಅಪಾಯ. ವಾಪಸ್ ಕೊಡಿ.

ಈಗ ಗನ್. ಅದು ಒಳ್ಳೆ ಟೂಲ್, ಅದರಲ್ಲಿ ಅನುಮಾನ ಇಲ್ಲ. ಟೊಳ್ಳು ನಾಜಲ್ ಸೋಲ್ಡರ್ ಕರಗಿಸುತ್ತದೆ, ಅದೇ ಜಾಗದಿಂದ ಮೋಟರ್ ಎಳೆಯುತ್ತದೆ, ಬಿಸಿ ಮತ್ತು ಎಳೆತದ ನಡುವೆ ಹೊತ್ತು ಹೋಗುವುದಿಲ್ಲ. ಎರಡು ಕಡೆ ಟ್ರ್ಯಾಕ್ ಇರುವ ಬೋರ್ಡ್‌ನಿಂದ ನಲವತ್ತು ಕಾಲಿನ ಐಸಿಯನ್ನು ಜೀವಂತ ತೆಗೆಯಬೇಕಾದರೆ ಇದಕ್ಕೆ ಸಾಟಿ ಇಲ್ಲ. ಆದರೆ ನಿಮಗೆ ಬರುವ ಕೆಲಸದಲ್ಲಿ ಎರಡು ಮೂರು ಕಾಲಿನ ಹಾಳಾದ ಪಾರ್ಟ್‌ಗಳೇ ಜಾಸ್ತಿ. ಅಷ್ಟಕ್ಕೆ ಅಷ್ಟೊಂದು ಹಣ ಹಾಕುವುದು ಈಗ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇಂಡಸ್ಟ್ರಿಯ ಕಂಟ್ರೋಲ್ ಬೋರ್ಡ್, ಸಿಎನ್‌ಸಿ ಡ್ರೈವ್, ಹಳೇ ಆಂಪ್ಲಿಫೈಯರ್ ತರಹದ ಕೆಲಸ ವಾರವಾರ ಬರಲು ಶುರುವಾದಾಗ ತಗೊಳ್ಳಿ.

ಆಗ ಹ್ಯಾಕೋ ಎಫ್‌ಆರ್-301 ನೋಡಿ. ಮೋಟರ್ ಹಿಡಿಯಲ್ಲೇ ಇದೆ, ಬೇರೆ ಡಬ್ಬಿ ಇಲ್ಲ. ಕಡಿಮೆ ಬೆಲೆಗೆ ಝಡ್‌ಡಿ-915 ತರಹದ ಸ್ಟೇಷನ್‌ಗಳಿವೆ. ಯಾವುದೇ ಆಗಲಿ, ಕೊಳ್ಳುವ ಮೊದಲು ಮೂರು ವಿಷಯ ವಿಚಾರಿಸಿ: ನಾಜಲ್ ಬಿಡಿಯಾಗಿ ಸಿಗುತ್ತಾ, ಫಿಲ್ಟರ್ ಸಿಗುತ್ತಾ, ಎಷ್ಟು ವೋಲ್ಟ್‌ನದು? ಜಪಾನ್‌ನಲ್ಲಿ ಮನೆ ಕರೆಂಟ್ 100 ವೋಲ್ಟ್, ಅಮೆರಿಕದಲ್ಲಿ 120. ಅಲ್ಲಿಗೆ ಮಾಡಿದ ಪೀಸ್ ಅಗ್ಗಕ್ಕೆ ಸಿಕ್ಕಿತು ಅಂತ ನಮ್ಮ 230ಕ್ಕೆ ಚುಚ್ಚಿದರೆ ಅಲ್ಲಿಗೆ ಮುಗಿಯಿತು. ಬೆಂಗಳೂರಿನ ಎಸ್‌.ಪಿ. ರೋಡ್‌ಗೆ ಹೋದಾಗ ಮಷಿನ್ ಕೇಳುವ ಮೊದಲು ಅದರ ನಾಜಲ್ ಮತ್ತು ಫಿಲ್ಟರ್ ಕೇಳಿ. ಅವು ಇಲ್ಲ ಅಂದರೆ ಮಷಿನ್ ಬೇಡ. ಕಾಲಿಗಿಂತ ನಾಜಲ್ ಒಳಗಿನ ತೂತು ಸ್ವಲ್ಪ ದೊಡ್ಡದಿರಬೇಕು. 1 ಮಿಲಿಮೀಟರ್ ಮತ್ತು 1.6ರದ್ದು ಇದ್ದರೆ ನಿಮ್ಮ ಕೆಲಸ ನಡೆಯುತ್ತದೆ. ನಾಜಲ್ ಅನ್ನು ಕಾಲಿನ ಮೇಲೆ ಇಳಿಸಿ, ಕಾಲು ತೂತಿನೊಳಗೆ ಸಡಿಲವಾಗಿ ಅಲ್ಲಾಡಿದ ಮೇಲೆ ಟ್ರಿಗರ್ ಒತ್ತಿ. ಜಾಯಿಂಟ್‌ನಿಂದ ಎತ್ತಿದ ಮೇಲೂ ಎರಡು ಸೆಕೆಂಡ್ ಎಳೆಯಲು ಬಿಡಿ, ಇಲ್ಲದಿದ್ದರೆ ಸೋಲ್ಡರ್ ಕೊಳವೆಯಲ್ಲೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ದಿನದ ಕೆಲಸ ಮುಗಿದಾಗ ಬಿಸಿ ಇರುವಾಗಲೇ ಸೂಜಿ ಹಾಕಿ ತೆಗೆಯಿರಿ.

ಹೀಟರ್ ಮತ್ತು ಸ್ಪ್ರಿಂಗ್ ಪಂಪ್ ಒಂದರಲ್ಲೇ ಇರುವ ಅಗ್ಗದ ಟೂಲ್ ಕೂಡ ಬರುತ್ತದೆ. ಹೆಚ್ಚಿನವು ಮೂವತ್ತು ನಲವತ್ತು ವ್ಯಾಟ್‌ನವು. ಒಂದು ಕಡೆ ಟ್ರ್ಯಾಕ್ ಇರುವ ಬೋರ್ಡ್‌ಗೆ ಪರವಾಗಿಲ್ಲ. ಇನ್ವರ್ಟರ್‌ಗೆ ಇಟ್ಟರೆ ಈಗಿನ ತೊಂದರೆಯೇ ಮತ್ತೆ.

ಗುಜರಿ ಬೋರ್ಡ್‌ನ ವಿಷಯ. ಅಲ್ಲಿ ಬೋರ್ಡ್ ಉಳಿಸಬೇಕಿಲ್ಲ, ಪಾರ್ಟ್ ಉಳಿಸಬೇಕು. ಹಾಗಾಗಿ ಬ್ಲೋವರ್ ಅನ್ನು ಸೋಲ್ಡರ್ ಇರುವ ಕಡೆಯಿಂದ ಹಿಡಿದು ಮಾಸ್ಫೆಟ್, ಡಯೋಡ್, ಕಾಯಿಲ್, ಹೀಟ್‌ಸಿಂಕ್ ಇಕ್ಕಳದಲ್ಲಿ ಎಳೆದುಕೊಳ್ಳಬಹುದು. ಸ್ಮೋಕ್ ಬರುತ್ತದೆ, ಹೊರಗೆ ಗಾಳಿಯಾಡುವ ಕಡೆ ಮಾಡಿ. ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ ಮತ್ತು ರಿಲೇ ಹೀಗೆ ತೆಗೆದು ಗಿರಾಕಿಯ ಬೋರ್ಡ್‌ಗೆ ಹಾಕಬೇಡಿ, ಅವು ಹೊಸವೇ ಇರಲಿ. ಯಾವ ಬೋರ್ಡ್‌ಗೂ ಕೈ ಹಾಕುವ ಮೊದಲು ದೊಡ್ಡ ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ. 230 ವೋಲ್ಟ್ ಎಸಿ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ. ಪ್ಲಗ್ ತೆಗೆದ ಮೇಲೂ ಅದು ಒಳಗೆ ಕೂತಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಬದಲು ಹೋಲ್ಡರ್‌ನಲ್ಲಿ ಹಾಕಿದ ಹಳೇ 60 ವ್ಯಾಟ್ ಫಿಲಮೆಂಟ್ ಬಲ್ಬ್‌ನ ವೈರ್ ತಾಗಿಸಿ, ಆಮೇಲೆ ಮೀಟರ್‌ನಲ್ಲಿ ನೋಡಿ.

ಪಂಪ್ ಬಿಚ್ಚಿದಾಗ ಬೀಳುವ ಪುಡಿಯಲ್ಲಿ ಸೀಸ ಇರುತ್ತದೆ. ಅದನ್ನು ಊದಬೇಡಿ. ಒದ್ದೆ ಪೇಪರ್‌ನಿಂದ ಒರೆಸಿ ಮುಚ್ಚಳ ಇರುವ ಡಬ್ಬಿಗೆ ಹಾಕಿ. ಚಹಾ ಕುಡಿಯುವ ಮೊದಲು ಸೋಪ್ ಹಾಕಿ ಕೈ ತೊಳೆಯಿರಿ. ಡಬ್ಬಿ ತುಂಬಿದಾಗ, ಬೋಳಾದ ಬೋರ್ಡ್‌ಗಳ ಜೊತೆಗೆ ಅನುಮತಿ ಇರುವ ಇ-ತ್ಯಾಜ್ಯದವರಿಗೇ ಕೊಡಿ.